ಥಾಮ್ಸನ್ ಕಂಡ ಕಾಡು ಕೊಡಲಿಯನ್ನೂ ಕಂಡಿತ್ತು

ಟಾಮ್ ಥಾಮ್ಸನ್ ಬಗ್ಗೆ ಈಗಷ್ಟೇ ಒಂದು ವಿಡಿಯೊ ನೋಡಿದೆ. ತುಂಬಾ ಬೇಜಾರಾಗಿದೆ. ಅವನ ಚಿತ್ರಗಳೆಂದರೆ ನನಗೆಷ್ಟು ಹುಚ್ಚು ಅಂತ ನಿಮಗೆಲ್ಲ ಗೊತ್ತೇ ಇದೆ. ಕೆನಡಾದ ಆ ಕಲಾವಿದನನ್ನು ಬಾಯ್ತುಂಬ ಹೊಗಳುತ್ತಾ ವಿಡಿಯೊದವರು ಮತ್ತೆ ಮತ್ತೆ ಹೇಳಿದ್ದು ಒಂದೇ: ಇವನು ಮನುಷ್ಯ ಮುಟ್ಟದ ಕಾಡಿನ ಚಿತ್ರಕಾರ.

ಯಾವ ಮುಟ್ಟದ ಕಾಡು? 1912ರಲ್ಲಿ ಅವನು ಮೊದಲ ಸಲ ಕೆನಡಾದ ಒಂಟಾರಿಯೊ ಪ್ರಾಂತದ ಆಲ್ಗಾನ್‌ಕ್ವಿನ್ ಪಾರ್ಕಿಗೆ ಹೋಗುವ ಹೊತ್ತಿಗೆ ಅಲ್ಲಿ ದಶಕಗಳಿಂದ ಮರ ಕಡಿಯುತ್ತಿದ್ದರು. ದೊಡ್ಡ ದೊಡ್ಡ ಪೈನ್ ದಿಮ್ಮಿಗಳು ನದಿಯಲ್ಲಿ ತೇಲಿ ಹೋಗಿದ್ದವು. ಕಾಡಿನ ನಡುವೆ ರೈಲು ಓಡುತ್ತಿತ್ತು. ಕನೂ ಲೇಕ್ ದಡದಲ್ಲಿ ಅವನು ಉಳಿದುಕೊಳ್ಳುತ್ತಿದ್ದ ಮೋವಟ್ ಲಾಡ್ಜ್ ಇದ್ದದ್ದೇ ಮರದ ಕಂಪನಿಯೊಂದು ಬಿಟ್ಟುಹೋದ ಊರಲ್ಲಿ. ಇನ್ನು ಆ ಪಾರ್ಕಿಗೆ ಯಾರ ಹೆಸರಿದೆಯೋ ಆ ಆಲ್ಗಾನ್‌ಕ್ವಿನ್ ಜನ? ತಲೆತಲಾಂತರದಿಂದ ಅಲ್ಲಿ ಬೇಟೆಯಾಡಿ, ಮೀನು ಹಿಡಿದು ಬದುಕಿದ್ದ ಅವರು ಮನುಷ್ಯರಲ್ವಾ?

ಥಾಮ್ಸನ್ ಇದನ್ನೆಲ್ಲ ಮರೆಮಾಡಿದವನಲ್ಲ. ಸುಮಾರು 21ಕ್ಕೆ 27 ಸೆಂಟಿಮೀಟರ್‌ನ ಪುಟ್ಟ ಹಲಗೆಗಳನ್ನು ದೋಣಿಯಲ್ಲಿಟ್ಟುಕೊಂಡು ಹೋಗಿ, ಕಂಡ ಜಾಗದಲ್ಲೇ ಕೂತು ಬಣ್ಣ ಹಚ್ಚುತ್ತಿದ್ದ. ಅವುಗಳಲ್ಲಿ ಬರೀ ಸಂಜೆಯ ಆಕಾಶ, ಕೆಂಪು ಮೇಪಲ್ ಎಲೆ ಇಲ್ಲ. ದಿಮ್ಮಿ ಸಾಗಿಸಲು ಕಟ್ಟಿದ ಒಡ್ಡುಗಳೂ ಇವೆ. ‘ದಿ ಡ್ರೈವ್’ ಅನ್ನುವ ದೊಡ್ಡ ಚಿತ್ರದ ವಿಷಯವೇ ನದಿಯಲ್ಲಿ ನುಗ್ಗುವ ದಿಮ್ಮಿಗಳು. 1915ರ ‘ಫೈರ್-ಸ್ವೆಪ್ಟ್ ಹಿಲ್ಸ್’ನಲ್ಲಿ ಇರುವುದು ಬೆಂಕಿ ಬಿದ್ದು ಬರಿದಾದ ಗುಡ್ಡ. ಮರುವರ್ಷ ಅವನು ಅದೇ ಪಾರ್ಕಿನಲ್ಲಿ ಕಾಡ್ಗಿಚ್ಚು ಕಾಯುವ ಕೆಲಸವನ್ನೂ ಮಾಡಿದ. ಕಾಡಿನ ಗಾಯ ಅವನಷ್ಟು ಹತ್ತಿರದಿಂದ ಕಂಡ ಚಿತ್ರಕಾರರು ಎಷ್ಟು ಜನ ಇದ್ದಾರೆ ಹೇಳಿ?

‘ದಿ ಜ್ಯಾಕ್ ಪೈನ್’ನಲ್ಲಿ ಮನುಷ್ಯನ ಗುರುತೇ ಇಲ್ವಲ್ಲ ಅಂತ ನೀವು ಕೇಳಬಹುದು. ಇಲ್ಲ, ನಿಜ. ಅವನ ಅತಿ ಹೆಸರಾದ ಚಿತ್ರವೂ ಅದೇ. ಆದರೆ ಜ್ಯಾಕ್ ಪೈನ್ ಎಂಥ ಮರ ಗೊತ್ತಾ? ಅದರ ಎಷ್ಟೋ ಕಾಯಿಗಳು ಬೆಂಕಿಯ ಬಿಸಿ ತಾಗಿದರೇನೇ ಬಿರಿದು ಬೀಜ ಉದುರಿಸುತ್ತವೆ. ಸುಟ್ಟ ನೆಲದಲ್ಲಿ ಮೊದಲು ಏಳುವ ಮರಗಳಲ್ಲಿ ಅದೂ ಒಂದು. ಹಾಗಾಗಿ ಒಂದು ಚಿತ್ರ ತೋರಿಸಿ ಉಳಿದದ್ದನ್ನು ಮುಚ್ಚಿಡುವ ವಾದ ನಾನು ಒಪ್ಪುವುದಿಲ್ಲ.

1917ರ ಜುಲೈನಲ್ಲಿ, 39ನೇ ವಯಸ್ಸಿಗೆ, ಅವನು ಅದೇ ಕನೂ ಲೇಕ್‌ನಲ್ಲಿ ತೀರಿಕೊಂಡ. 1920ರಲ್ಲಿ ಅವನ ಗೆಳೆಯರು ಸೇರಿ ‘ಗ್ರೂಪ್ ಆಫ್ ಸೆವೆನ್’ ಅನ್ನುವ ಚಿತ್ರಕಾರರ ಗುಂಪು ಕಟ್ಟಿದರು. ಉತ್ತರದ ಖಾಲಿ ಕಾಡೇ ಕೆನಡಾ ಅನ್ನುವ ಕಲ್ಪನೆ ಬೆಳೆದದ್ದು ಆಮೇಲೆ. ಅದನ್ನು ತಂದು ಸತ್ತವನ ತಲೆಗೆ ಕಟ್ಟುವುದು ಯಾವ ನ್ಯಾಯ? ಅವನನ್ನು ಪ್ರೀತಿಸುವವರು ದಯವಿಟ್ಟು ‘ದಿ ಡ್ರೈವ್’ ಒಮ್ಮೆ ಹುಡುಕಿ ನೋಡಿ. ಆ ವಿಡಿಯೊದಲ್ಲಿ ಅದು ಒಂದು ಕ್ಷಣಕ್ಕೂ ಬರಲಿಲ್ಲ.