ಆ 34 ಸಾವಿರದ ಲೋಡ್ ನಾನು ಯಾಕೆ ಬಿಟ್ಟೆ

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಲೋಡ್ ಕೊಡಿಸುವವರೊಬ್ಬರ ಫೋನ್ ಬಂತು. ಚಿಕ್ಕಬಳ್ಳಾಪುರದಿಂದ ಹೈದರಾಬಾದಿಗೆ ಕ್ಯಾಪ್ಸಿಕಂ ಲೋಡ್. "ಅಣ್ಣಾ, ಬಾಡಿಗೆ 34 ಸಾವಿರ ಕೊಡಿಸ್ತೀನಿ. ಹತ್ತು ನಿಮಿಷದಲ್ಲಿ ಹೇಳಿ, ಇಲ್ಲಾಂದ್ರೆ ಬೇರೆ ಗಾಡಿ ನೋಡ್ಕೋತೀನಿ" ಅಂದರು. ಮಾಲನ್ನು ತಣ್ಣಗಿಟ್ಟು ಸಾಗಿಸುವ ನನ್ನ ಎಸಿ ಗಾಡಿ (ರೀಫರ್) ಎರಡು ದಿನದಿಂದ ಮನೆ ಮುಂದೆ ನಿಂತಿತ್ತು. 45 ಆದರೆ ಬರ್ತೀನಿ ಅಂದೆ. ಅವರು ಫೋನ್ ಇಟ್ಟರು.

ಸಂಜೆ ಟೀ ಅಂಗಡಿಯಲ್ಲಿ ಇಬ್ಬರು ಗೆಳೆಯರು ಚೆನ್ನಾಗಿ ಬೈದರು. 510 ಕಿಲೋಮೀಟರಿಗೆ 34 ಸಾವಿರ ಅಂದರೆ ಕಿಲೋಮೀಟರಿಗೆ 66 ರೂಪಾಯಿ ಬೀಳುತ್ತದೆ, ನಿಂತ ಗಾಡಿಗೆ ಇನ್ನೇನು ಬೇಕು ಅಂತ. ಇಬ್ಬರೂ ಹೊಸದಾಗಿ ಸಾಲ ಮಾಡಿ ರೀಫರ್ ಗಾಡಿ ತಗೊಂಡವರು. ನಾನೂ ಮೊದಲ ವರ್ಷ ಹೀಗೇ ಲೆಕ್ಕ ಹಾಕುತ್ತಿದ್ದೆ. ಆ ವರ್ಷ ಗಾಡಿ ಒಂದು ದಿನವೂ ನಿಲ್ಲಲಿಲ್ಲ, ಆದರೆ ಕಂತು ಕಟ್ಟೋಕೆ ಹೆಂಡತಿ ಒಡವೆ ಅಡ ಇಡಬೇಕಾಯಿತು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

66 ರೂಪಾಯಿ ಅನ್ನೋದು ಬರೀ ಹೋಗುವ ದಾರಿಯ ಲೆಕ್ಕ. ಗಾಡಿ ವಾಪಸ್ ಬರಬೇಕಲ್ವಾ? ಲೋಡಿಂಗ್ ಜಾಗಕ್ಕೆ ಓಡಾಡೋದೂ ಸೇರಿ 1,040 ಕಿಲೋಮೀಟರ್. ನನ್ನ 20 ಅಡಿ ಗಾಡಿ ಲೀಟರಿಗೆ 6 ಕೊಡುತ್ತದೆ. ಅಂದರೆ 173 ಲೀಟರ್. ಡೀಸೆಲ್ 91 ರೂಪಾಯಿ ಅಂತ ಹಿಡಿದರೂ 15,700 ಆಯಿತು. ಇದರ ಮೇಲೆ ಕೂಲಿಂಗ್ ಯೂನಿಟ್ಟಿನ ಡೀಸೆಲ್ ಬೇರೆ. ನನ್ನ ಯೂನಿಟ್ಟಿಗೆ ಅದರದೇ ಇಂಜಿನ್ ಇದೆ. ಗಾಡಿ ಓಡಲಿ, ನಿಲ್ಲಲಿ, ಅದು ಗಂಟೆಗೆ 2 ಲೀಟರ್ ಕುಡಿಯುತ್ತಲೇ ಇರುತ್ತದೆ. ಮೊದಲೇ ತಣ್ಣಗೆ ಮಾಡಿಕೊಳ್ಳೋಕೆ, ಲೋಡಿಂಗಿಗೆ, ದಾರಿಗೆ, ಅಲ್ಲಿ ಸರದಿಯಲ್ಲಿ ನಿಂತು ಇಳಿಸೋಕೆ, ಎಲ್ಲ ಸೇರಿ 18 ಗಂಟೆ. 3,300 ರೂಪಾಯಿ. ಎರಡೂ ಸೇರಿ ಡೀಸೆಲ್ಲೇ 19 ಸಾವಿರ ಆಗಿಹೋಯಿತು.

ಟೋಲಿಗೆ ನಾನು ಹೋಗಿಬರೋಕೆ 6 ಸಾವಿರ ಎತ್ತಿಡುತ್ತೇನೆ. ಡ್ರೈವರ್ ಬಾಟಾ, ದಾರಿ ಖರ್ಚು 4 ಸಾವಿರ. ಟೈರು, ಆಯಿಲ್, ಯೂನಿಟ್ ಸರ್ವಿಸಿಗೆ ಕಿಲೋಮೀಟರಿಗೆ 3 ರೂಪಾಯಿ, ಅದು 3,100. ಒಟ್ಟು 32,100. ಉಳಿಯೋದು 1,900 ರೂಪಾಯಿ, ಮೂರು ದಿನಕ್ಕೆ.

ಇನ್ನು ಗಾಡಿ ಅಲ್ಲಾಡದಿದ್ದರೂ ಆಗುವ ಖರ್ಚು. ಕಂತು 52 ಸಾವಿರ, ಡ್ರೈವರ್ ಸಂಬಳ 20 ಸಾವಿರ, ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಎಲ್ಲವನ್ನೂ ತಿಂಗಳಿಗೆ ಹಂಚಿದರೆ 13 ಸಾವಿರ. ಒಟ್ಟು 85 ಸಾವಿರ. ತಿಂಗಳಿಗೆ 25 ದಿನ ದುಡಿಮೆ ಅಂದುಕೊಂಡರೆ ದಿನಕ್ಕೆ 3,400. ಈ ಒಂದು ಸಂಖ್ಯೆಯನ್ನು ಪ್ರತಿ ಗಾಡಿ ಮಾಲೀಕರೂ ಬಾಯಿಪಾಠ ಮಾಡಿಕೊಳ್ಳಬೇಕು. ಮೂರು ದಿನಕ್ಕೆ 10,200 ಬೇಕು, ಸಿಗೋದು 1,900.

"ನಿಂತಿದ್ರೂ ಆ 3,400 ಹೋಗುತ್ತಲ್ಲ, 1,900 ಆದ್ರೂ ಬರಲಿ ಬಿಡಿ" ಅಂದ ಒಬ್ಬ ಗೆಳೆಯ. ಮಾತು ಸರಿ. ನಾನೂ ಒಮ್ಮೊಮ್ಮೆ ಹಾಗೆ ಹೋಗಿದ್ದೇನೆ. ಆದರೆ ಹಾಗೆ ಹೋಗೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಆ ಮೂರು ದಿನದಲ್ಲಿ ಇಲ್ಲೇ ಇದ್ದಿದ್ದರೆ ಏನಾದರೂ ಸಿಗುತ್ತಿತ್ತಾ? ದ್ರಾಕ್ಷಿ ಸೀಸನ್ನಿನಲ್ಲಿ, ಪ್ರೇಮಿಗಳ ದಿನಕ್ಕೆ ಮುಂಚೆ ಗುಲಾಬಿ ಹೋಗುವ ವಾರದಲ್ಲಿ ಖಂಡಿತ ಸಿಗುತ್ತದೆ. ಮಳೆಗಾಲದ ಮಧ್ಯೆ ಸಿಗದೇ ಹೋಗಬಹುದು. ಅದೂ ಅಲ್ಲದೆ 5 ಟನ್ ಕ್ಯಾಪ್ಸಿಕಂ, ಕಿಲೋಗೆ 40 ಅಂದರೂ 2 ಲಕ್ಷದ ಮಾಲು. 1,900 ರೂಪಾಯಿಗೆ ಆ 2 ಲಕ್ಷದ ಜವಾಬ್ದಾರಿ ನನ್ನ ತಲೆ ಮೇಲೆ.

ರಿಟರ್ನ್ ಲೋಡ್ ಕೈಯಲ್ಲಿದ್ದಿದ್ದರೆ ಮಾತೇ ಬೇರೆ. ಹೈದರಾಬಾದಿನಿಂದ ಬೆಂಗಳೂರಿಗೆ ರಟ್ಟಿನ ಡಬ್ಬಗಳ ಲೋಡ್ 16 ಸಾವಿರಕ್ಕೆ ಕುದುರಿದ್ದರೆ, ಒಂದು ದಿನ ಜಾಸ್ತಿ ಆದರೂ, ಸಾವಿರ ರೂಪಾಯಿ ಮೇಲುಖರ್ಚು ಬಿದ್ದರೂ, ನಾಲ್ಕು ದಿನದ 3,400 ಕೂಡ ಸೇರಿ ಎಲ್ಲ ಕಳೆದು 3,300 ಕೈಯಲ್ಲಿ ನಿಲ್ಲುತ್ತಿತ್ತು. ಆಗ ಇದೇ 34 ಸಾವಿರಕ್ಕೆ ನಾನೇ ಹೊರಡುತ್ತಿದ್ದೆ. ಆದರೆ ರೀಫರಿಗೆ ಸಿಕ್ಕಿದ್ದೆಲ್ಲ ತುಂಬೋಕೆ ಆಗಲ್ಲ. ಒಂದು ಸಲ ಈರುಳ್ಳಿ ಹಾಕಿಕೊಂಡು ಬಂದೆ. ಎರಡು ದಿನ ಸೋಪು ನೀರು ಹಾಕಿ ತೊಳೆದು, ಬಾಗಿಲು ತೆಗೆದಿಟ್ಟರೂ ವಾಸನೆ ಹೋಗಲಿಲ್ಲ. ಹೂವಿನವರು ಬಾಗಿಲು ತೆಗೆದು ಮೂಸಿ ನೋಡಿ ಲೋಡ್ ಮಾಡಲ್ಲ ಅಂದುಬಿಟ್ಟರು. 14 ಸಾವಿರದ ಈರುಳ್ಳಿ ಬಾಡಿಗೆಗೆ ಆಸೆಪಟ್ಟು ಒಳ್ಳೆಯ ಹೂವಿನ ಲೋಡ್ ಕಳೆದುಕೊಂಡೆ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ವಿಷಯಕ್ಕೆ ಬರುತ್ತೇನೆ. 34 ಸಾವಿರಕ್ಕೆ ಖಾಲಿ ವಾಪಸ್ ಬರುವ ಲೆಕ್ಕದಲ್ಲಿ ಹೋದವರು ಆ ಕೊರತೆಯನ್ನು ಎಲ್ಲಿಂದ ತುಂಬಿಸಿಕೊಳ್ಳುತ್ತಾರೆ? ಟೋಲ್ ಕಡಿಮೆ ಮಾಡೋಕೆ ಆಗಲ್ಲ. ಕಂತು ಕಡಿಮೆ ಆಗಲ್ಲ. ಕೈಗೆ ಸಿಗೋದು ಒಂದೇ, ಕೂಲಿಂಗ್ ಯೂನಿಟ್ಟಿನ ಸ್ವಿಚ್. ಪೆನುಕೊಂಡ ದಾಟಿದ ಮೇಲೆ ರಾತ್ರಿ ಗಾಳಿ ತಣ್ಣಗಿದೆ ಅಂತ ಆಫ್ ಮಾಡೋದು, ಇಳಿಸೋಕೆ ಒಂದು ಗಂಟೆ ಇರುವಾಗ ಮತ್ತೆ ಆನ್ ಮಾಡೋದು. ಒಳಗಿನ ಗಾಳಿ ಬೇಗ ತಣ್ಣಗಾಗುತ್ತದೆ, ಡಿಸ್ಪ್ಲೇಯಲ್ಲಿ 8 ಡಿಗ್ರಿ ತೋರಿಸುತ್ತದೆ. ಕಾಯಿ ಒಳಗೆ ಬೆಚ್ಚಗೇ ಇರುತ್ತದೆ. ಎರಡು ದಿನ ಬಿಟ್ಟು ಅಂಗಡಿಯಲ್ಲಿ ಮೆತ್ತಗಾದಾಗ ಬೆಳೆದ ರೈತನ ಮಾಲು ಸರಿ ಇಲ್ಲ ಅಂತಾರೆ. ಕಡಿಮೆ ಬಾಡಿಗೆಯ ನಷ್ಟ ಹೀಗೆ ಶಿಡ್ಲಘಟ್ಟದ ಕಡೆ ಕ್ಯಾಪ್ಸಿಕಂ ಬೆಳೆಯುವ ಯಾವುದೋ ಪಾಲಿಹೌಸಿಗೆ ಬಂದು ತಲುಪುತ್ತದೆ. ಡ್ರೈವರನ್ನು ದೂರಿ ಪ್ರಯೋಜನ ಇಲ್ಲ. ಟ್ರಿಪ್ಪಿಗೆ ಇಷ್ಟೇ ಡೀಸೆಲ್, ಉಳಿಸಿದರೆ ನಿನಗೆ ಅಂತ ಹೇಳಿದವರು ನಾವೇ ತಾನೆ? ನಾನು ಯೂನಿಟ್ಟಿನ ಡೀಸೆಲನ್ನು ಬೇರೆಯಾಗಿಯೇ ಕೊಡುತ್ತೇನೆ, ಬಾಗೇಪಲ್ಲಿಯಲ್ಲೇ ತುಂಬಿಸುತ್ತೇನೆ. ಆಂಧ್ರದೊಳಗೆ ಹೋದರೆ ಲೀಟರಿಗೆ ಇನ್ನೂ ಜಾಸ್ತಿ.

ನನಗೆ ಬಿದ್ದ ಪೆಟ್ಟೂ ಶಾಖದ್ದೇ. ಒಂದು ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕಿತ್ತ ಕ್ಯಾಪ್ಸಿಕಂ ನೇರ ಗಾಡಿಗೆ ಹಾಕಿದರು. ಕ್ರೇಟ್ ಮುಟ್ಟಿದರೆ ಬಿಸಿ. ಕ್ಯಾಪ್ಸಿಕಂಗೆ 7ರಿಂದ 10 ಡಿಗ್ರಿ ಬೇಕು. ಎಸಿ ಇದೆಯಲ್ಲ, ದಾರಿಯಲ್ಲಿ ತಣ್ಣಗಾಗುತ್ತೆ ಅಂತ ನಾನೂ ಸುಮ್ನಿದ್ದೆ. ಗಾಡಿಯ ಯೂನಿಟ್ ಇರೋದು ತಣ್ಣಗಿರುವ ಮಾಲನ್ನು ತಣ್ಣಗೆ ಇಡೋಕೆ. ಬಿಸಿ ಮಾಲನ್ನು ತಣ್ಣಗೆ ಮಾಡೋದು ಕೋಲ್ಡ್ ರೂಮಿನ ಕೆಲಸ. ಅದರ ಮೇಲೆ ಕ್ರೇಟುಗಳನ್ನು ಸೂರಿಗೆ ತಾಗುವಷ್ಟು ಜೋಡಿಸಿದ್ದರು. ಗಾಳಿ ಹಿಂದಿನ ಬಾಗಿಲಿನ ತನಕ ಹೋಗಲೇ ಇಲ್ಲ. ರಾತ್ರಿಯಿಡೀ ಯೂನಿಟ್ ಬಡಿದುಕೊಂಡಿತು. ಬೆಳಿಗ್ಗೆ ಮಾಲು ಇಳಿಸಿಕೊಳ್ಳುವವರು ಹಿಂದಿನ ಸಾಲಿನ ಕಾಯಿಗೆ ಥರ್ಮಾಮೀಟರ್ ಚುಚ್ಚಿದರೆ 19 ಡಿಗ್ರಿ. ನನಗೆ ಬರಬೇಕಿದ್ದ ಬಾಕಿ ಬಾಡಿಗೆಯಲ್ಲಿ 11 ಸಾವಿರ ಹಿಡಿದುಕೊಂಡರು. ನನ್ನ ಕಡೆ ಏನು ದಾಖಲೆ ಇತ್ತು? ಲೋಡ್ ಮಾಡುವಾಗ ಎಷ್ಟು ಬಿಸಿ ಇತ್ತು ಅಂತ ಎಲ್ಲೂ ಬರೆದಿರಲಿಲ್ಲ.

ಆಮೇಲೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ತಗೊಂಡೆ. ಈಗ ಲೋಡಿಂಗಿನಲ್ಲಿ ನಾಲ್ಕು ಕ್ರೇಟಿಗೆ ಚುಚ್ಚಿ, ಫೋಟೋ ತೆಗೆದು, ಬಿಲ್ಟಿ (ಮಾಲು ಸಾಗಿಸುವ ರಸೀದಿ) ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳುತ್ತೇನೆ. ಬಿಸಿ ಇದ್ದರೆ ಬಾಡಿಗೆ ಬೇರೆ, ಇಲ್ಲವೇ ಬರಲ್ಲ. ಅರ್ಧ ಗುಲಾಬಿ, ಅರ್ಧ ಕ್ಯಾಪ್ಸಿಕಂ ಹಾಕೋಣ ಅಂತಾರೆ, ಅದಕ್ಕೂ ಒಪ್ಪಲ್ಲ. ಗುಲಾಬಿಗೆ 2ರಿಂದ 4 ಡಿಗ್ರಿ. ಆ ಚಳಿಗೆ ಕ್ಯಾಪ್ಸಿಕಂ ಸಿಪ್ಪೆ ಮೇಲೆ ಗುಳಿ ಬೀಳುತ್ತದೆ. ಇಡೀ ಗಾಡಿಗೆ ಇರೋದು ಒಂದೇ ಸೆಟ್ಟಿಂಗ್.

ಬಾಡಿಗೆ ಕೇಳಿದಾಗ ಬಹಳ ಜನ ಕೋಲಾರ ಮಾರ್ಕೆಟ್ಟಿನ ಟೊಮೆಟೊ ಲಾರಿ ರೇಟ್ ತೋರಿಸುತ್ತಾರೆ. 15 ಕಿಲೋ ಬಾಕ್ಸ್ ಜೋಡಿಸಿ, ಟಾರ್ಪಾಲ್ ಹೊದಿಸಿ, ಗಾಳಿಗೆ ಬಿಟ್ಟು ಓಡುವ ಲಾರಿ ಅದು. ಬರುವಾಗ ಸಿಮೆಂಟು, ಮೇವು ಏನು ಬೇಕಾದರೂ ಹಾಕಿಕೊಳ್ಳಬಹುದು. ಅದರ ರೇಟಿಗೆ ನಮ್ಮದನ್ನು ಹೋಲಿಸೋದು ನ್ಯಾಯ ಅಲ್ಲ. ಹಳೇ ರೇಟ್ ಹೇಳುವವರು ಇನ್ನೊಂದು ಥರ. ಹಿಂದೆ ಇಷ್ಟಕ್ಕೇ ಬಂದಿದ್ರಲ್ಲ ಅಂತಾರೆ. 2024ರ ಜೂನ್‌ನಲ್ಲಿ ಡೀಸೆಲ್ ಮೇಲೆ ರಾಜ್ಯದ ತೆರಿಗೆ ಏರಿದಾಗ ಲೀಟರಿಗೆ 3 ರೂಪಾಯಿ ಮೇಲೆ ಹೋಯಿತು, 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ. ಈ ಟ್ರಿಪ್ಪಿಗೆ ಗಾಡಿಗೂ ಯೂನಿಟ್ಟಿಗೂ ಸೇರಿ ಬೇಕಾಗುವ 209 ಲೀಟರಿಗೆ ಲೆಕ್ಕ ಹಾಕಿ, ಸಾವಿರ ರೂಪಾಯಿ ಅಲ್ಲೇ ಹೋಯಿತು.

ಹಣ ಯಾವಾಗ ಬರುತ್ತೆ ಅನ್ನೋದೂ ರೇಟಿನ ಭಾಗವೇ. 90 ಪರ್ಸೆಂಟ್ ಅಡ್ವಾನ್ಸ್ ಕೊಡುವ 40 ಸಾವಿರ, ಎರಡು ತಿಂಗಳು ಓಡಾಡಿಸುವ 44 ಸಾವಿರಕ್ಕಿಂತ ನನಗೆ ಮೇಲು. ಹಾಲ್ಟಿಂಗ್ (ಗಾಡಿ ಕಾಯಿಸಿದ್ದಕ್ಕೆ ಕೊಡುವ ದುಡ್ಡು) ಎಷ್ಟು ಗಂಟೆ ಆದಮೇಲೆ ಶುರು, ದಿನಕ್ಕೆ ಎಷ್ಟು ಅಂತ ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಜಗಳವೇ.

ಬೆಳೆಗಾರರಿಗೂ ಒಂದು ಮಾತು. ಗಾಡಿ ಕಡಿಮೆಗೆ ಸಿಕ್ಕಿತು ಅಂತ ಖುಷಿಪಡುವ ಮೊದಲು, ಆ ಬಾಡಿಗೆಯಲ್ಲಿ ಯೂನಿಟ್ಟಿಗೆ ಎಷ್ಟು ಲೀಟರ್ ಡೀಸೆಲ್ ಇಟ್ಟಿದ್ದೀರಿ ಅಂತ ಕೇಳಿ. ಕ್ರೇಟುಗಳ ಮಧ್ಯೆ ಒಂದು ಟೆಂಪರೇಚರ್ ಲಾಗರ್ ಇಟ್ಟು ಕಳಿಸಿ. ದಾರಿಯುದ್ದಕ್ಕೂ ಎಷ್ಟು ಡಿಗ್ರಿ ಇತ್ತು ಅಂತ ಅದು ಹೇಳಿಬಿಡುತ್ತದೆ.

ಮೊನ್ನೆಯ ಲೋಡ್ ಯಾವ ಗಾಡಿಯಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ನನ್ನ ಗಾಡಿ ಇನ್ನೊಂದು ದಿನ ನಿಂತಿತು, ಇನ್ನೊಂದು 3,400 ಹೋಯಿತು, ಹೊಟ್ಟೆ ಉರಿಯಿತು. ಇವತ್ತು ಸಂಜೆ ಚೆನ್ನೈಗೆ ಗುಲಾಬಿ ಸಿಕ್ಕಿತು, ಕೋಲ್ಡ್ ರೂಮಿನಿಂದ ನೇರ ಗಾಡಿಗೆ. ನಾಲ್ಕು ಬಾಕ್ಸಿಗೆ ಚುಚ್ಚಿ ನೋಡಿದೆ, ಎಲ್ಲದರಲ್ಲೂ 4 ಡಿಗ್ರಿ ಒಳಗೇ ಇತ್ತು. ಬರುವಾಗ ಬೆಂಗಳೂರಿಗೆ ಚಾಕೊಲೇಟ್ ಲೋಡ್ ಕುದುರಿದೆ. ನಮ್ಮ ಡ್ರೈವರ್ ಈಗ ತಾನೇ ಮುಳಬಾಗಿಲು ದಾಟಿದೆ ಅಂತ ಫೋನ್ ಮಾಡಿದ್ದರು.