ಖಾಲಿ ಆಂಪ್ಯೂಲ್‌ಗಳ ಲೆಕ್ಕ

ಕಳೆದ ಮಳೆಗಾಲದ ಒಂದು ನೈಟ್ ಡ್ಯೂಟಿ. ಮಂಗಳೂರಿನ ನಮ್ಮ ಕ್ಯಾಶುವಲ್ಟಿಗೆ ಬೈಕ್ ಸ್ಕಿಡ್ ಆಗಿ ಬಿದ್ದ ಹುಡುಗನನ್ನು ತಂದರು. ನಲವತ್ತು ನಿಮಿಷ ಸಿಪಿಆರ್ ಕೊಟ್ಟೆವು. ಉಳಿಯಲಿಲ್ಲ. ಡಾಕ್ಟರು ಟೈಮ್ ಹೇಳಿದರು, ನಾನು ಫೈಲಿನಲ್ಲಿ ಬರೆದೆ. ಅಷ್ಟರಲ್ಲೇ ಮೂರನೇ ಬೆಡ್ಡಿನವರು, "ಸಿಸ್ಟರ್, ಡ್ರಿಪ್ ಖಾಲಿ ಆಯ್ತು" ಅಂದರು.

ಇಂಥ ಕೇಸು ಮುಗಿದ ಕೂಡಲೇ ಎಮರ್ಜೆನ್ಸಿ ಟ್ರಾಲಿಯನ್ನು ಮತ್ತೆ ತುಂಬಿಸಿಡಬೇಕು. ಖರ್ಚಾದ ಮದ್ದು ಎಣಿಸಿ, ಇಂಡೆಂಟ್ ಅಂದರೆ ಬೇಡಿಕೆ ಚೀಟಿ ಬರೆದು, ಹೊರಗೆ ಹೋಗಿ ಹೊಸದು ತರಬೇಕು. ಮುಂದಿನ ಕೇಸು ಹೇಳಿ ಕೇಳಿ ಬರುವುದಿಲ್ಲವಲ್ಲ. ಆ ಕೆಲಸ ಯಾವಾಗಲೂ ಜೂನಿಯರ್ ತಲೆಗೆ. ಅವತ್ತಿದ್ದವಳು ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳು. ಹೃದಯ ಮತ್ತೆ ಬಡಿಯಲಿ ಅಂತ ಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ನಿನ ಖಾಲಿ ಆಂಪ್ಯೂಲ್, ಅಂದರೆ ಪುಟ್ಟ ಗಾಜಿನ ಸೀಸೆಗಳು, ಕಿಡ್ನಿ ಟ್ರೇಯಲ್ಲಿದ್ದವು. ಅವನ್ನು ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು. ಹತ್ತು. ಮೂರನೇ ಸಲ ಶುರು ಮಾಡಿದಾಗ ನಾನು, "ಎಂತ ಮಾರಾಯ್ತಿ, ಬೇಗ ಮುಗಿಸು. ಎಲ್ಲ ಅಭ್ಯಾಸ ಆಗ್ತದೆ" ಅಂದುಬಿಟ್ಟೆ.

ನನಗೂ ನನ್ನ ಸೀನಿಯರ್ ಹಾಗೇ ಹೇಳಿದ್ದರು. ಇಷ್ಟು ವರ್ಷವಾದರೂ ಮನೆಗೆ ಹೋಗುವ ಬಸ್ಸಿನಲ್ಲಿ ಕೆಲವು ಮುಖಗಳು ಬಂದು ಪಕ್ಕ ಕೂರುತ್ತವೆ.

2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ಬಿದ್ದು 158 ಜನ ಹೋದಾಗ ನಾನು ನರ್ಸಿಂಗ್ ಓದುತ್ತಿದ್ದೆ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಸಾಲು ಸಾಲು ಶವಗಳು ಬಂದವು. ಅವನ್ನು ಎತ್ತಿಟ್ಟವರು ಆ ರಾತ್ರಿ ಮನೆಗೆ ಹೋಗಿ ಊಟ ಹೇಗೆ ಮಾಡಿದರೋ! ಆಗ ನನಗೆ ಇದು ಹೊಳೆದೇ ಇರಲಿಲ್ಲ.

ನಮ್ಮ ಕೇಸಿನ ಮರುದಿನ ಮೇಲಿನವರು ಕೇಳಿದ್ದು ರಿಪೋರ್ಟ್ ಒಂದನ್ನೇ. ತಿಂಗಳಾದ ಮೇಲೆ ಒತ್ತಡ ನಿರ್ವಹಣೆಯ ಕ್ಲಾಸ್ ಇಟ್ಟರು, ಅದೂ ನಮ್ಮ ಆಫ್ ದಿನ! ಸಹಿ ಹಾಕಿ, ಸಮೋಸ ತಿಂದು, ದೀರ್ಘವಾಗಿ ಉಸಿರಾಡಿ ಬಂದೆವು. ರಕ್ತ ಒರೆಸಿದ ಆಯಾ, ಬಾಡಿ ಸಾಗಿಸಿದ ವಾರ್ಡ್ ಬಾಯ್, ಆಂಬ್ಯುಲೆನ್ಸ್ ಡ್ರೈವರ್ ಇವರನ್ನು ಅದಕ್ಕೂ ಕರೆದಿರಲಿಲ್ಲ.

ಹಾಗಂತ ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ "ಮನಸ್ಸಲ್ಲಿದ್ದದ್ದು ಹೇಳಿ" ಅಂತ ಒತ್ತಾಯಿಸುವುದೂ ಸರಿಯಲ್ಲ. ಆಘಾತದ ಕಾಯಿಲೆ ತಡೆಯಲು ಅಂಥ ಬೈಠಕ್ ಮಾಡಬೇಡಿ ಅಂತ ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2018ರ ಮಾರ್ಗಸೂಚಿಯಲ್ಲೇ ಹೇಳಿದೆ. ಮಾತಾಡಬೇಕು ಅನ್ನಿಸಿದವರಿಗೆ ಕಿವಿ ಬೇಕು, ಅಷ್ಟೇ. ಆ ಹೊತ್ತಿಗೆ ಬೇಕಾದದ್ದು ತೀರಾ ಸಣ್ಣದು. ಹದಿನೈದು ನಿಮಿಷ ಬಿಡುವು, ಬಿಸಿ ಚಾ, ಹಾಸ್ಟೆಲ್ ತನಕ ಯಾರಾದರೂ ಜೊತೆ, ಮರುದಿನ ಡ್ಯೂಟಿ ಬದಲಿಸಿಕೊಡುವ ಇನ್‌ಚಾರ್ಜ್. ಜೊತೆಗೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ವಿಚಾರಿಸುವುದು. ಎಲ್ಲರೂ ಮರೆಯುವುದು ಇದನ್ನೇ. ನಿದ್ದೆ ಕೆಟ್ಟೇ ಇದ್ದರೆ, ಡ್ಯೂಟಿ ಅಂದರೆ ಎದೆ ಹೊಡೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರೋಗಿಗಳಿಗೆ ಈ ನಂಬರ್ ಬರೆದುಕೊಡುವ ನಾವೇ ಅದಕ್ಕೆ ಫೋನ್ ಮಾಡಲು ನಾಚುತ್ತೇವೆ, ಅಲ್ವಾ?

ಆ ಹುಡುಗಿ ಜ್ವರ ಅಂತ ಎರಡು ದಿನ ರಜೆ ಹಾಕಿದಳು. ಮೂರು ವಾರದ ನಂತರ ಕ್ಯಾಂಟೀನಿನಲ್ಲಿ ಬನ್ಸ್ ತಿನ್ನುತ್ತಾ ಕೇಳಿದೆ, "ಅವತ್ತು ಯಾಕೆ ಅಷ್ಟು ಸಲ ಎಣಿಸಿದ್ದು?"

ಸ್ವಲ್ಪ ಹೊತ್ತು ಸುಮ್ನಿದ್ದಳು. "ಲೆಕ್ಕ ಮೊದಲೇ ಸಿಕ್ಕಿತ್ತು ಅಕ್ಕ. ಎಣಿಸಿ ಮುಗಿದ್ರೆ ಇಂಡೆಂಟ್ ಹಿಡ್ಕೊಂಡು ಹೊರಗೆ ಹೋಗ್ಬೇಕಿತ್ತಲ್ಲ. ಬಾಗಿಲಲ್ಲೇ ಅವನ ಅಮ್ಮ ಇದ್ರು."

ಈಗ ನನ್ನ ಡ್ಯೂಟಿಯಲ್ಲಿ ಅಂಥ ಕೇಸು ಆದರೆ ಟ್ರಾಲಿ ನಾನೇ ತುಂಬಿಸುತ್ತೇನೆ.