ಶೋಕೇಸಿಗೆ ಬೀಗ ಯಾಕೆ ಹಾಕಿರ್ತಾರೆ ಸ್ವಾಮಿ?

ಮಗು ಅತ್ತರೆ ಎತ್ತಿಕೊಳ್ಳಿ. ಬಾಲ್ಕನಿಗೆ ಕರೆದುಕೊಂಡು ಹೋಗಿ ಕಾಗೆ ತೋರಿಸಿ. ಬಿಸ್ಕತ್ತು ಕೊಡಿ. ಯಾವುದೂ ಆಗಲಿಲ್ಲ ಅಂದರೆ ಮೊಬೈಲ್ ಕೊಡಿ, ಯಾರು ಬೇಡ ಅಂದರು? ಬೇರೆಯವರ ಮನೆ ಶೋಕೇಸಿನ ಬೀಗ ತೆಗೆದು, ಒಳಗಿದ್ದದ್ದನ್ನು ಎತ್ತಿ ಮಗುವಿನ ಕೈಗೆ ಕೊಡಬೇಕು ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ?

ಕೀ ಎಲ್ಲಿತ್ತು ಅಂತ ಕೇಳಬೇಡಿ. ಶೋಕೇಸಿನ ತಲೆ ಮೇಲೆ, ಗಣಪತಿ ಫೋಟೋ ಹಿಂದೆ ಇತ್ತು. ಐದು ವರ್ಷದ ಮಗುವಿಗೆ ಎಟುಕುವ ಜಾಗ ಅಲ್ಲ. ಎಟುಕಿದ್ದು ಮಗುವಿನ ಅಪ್ಪನಿಗೆ. ಅಂದರೆ ನನ್ನ ಷಡ್ಡಕರಿಗೆ, ಹೆಂಡತಿಯ ದೊಡ್ಡಮ್ಮನ ಮಗಳ ಗಂಡನಿಗೆ. ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯೋಕೆ ಬಂದಿದ್ದರು. ನಾನು ಊಟಕ್ಕೆ ಮೊಸರು ತರೋಕೆ ಕೆಳಗೆ ಹೋಗಿದ್ದೆ. ಅಷ್ಟರಲ್ಲಿ ಹುಡುಗ ಹಠ ಹಿಡಿದಿದ್ದಾನೆ, "ಕಾರು ಬೇಕು ಕಾರು ಬೇಕು" ಅಂತ. ಅತ್ತಿಗೆ ಕಣ್ಣಿಗೆ ಶೋಕೇಸ್ ಬಿದ್ದಿದೆ. "ತಗೋ ಪುಟ್ಟಾ, ಚಿಕ್ಕಪ್ಪನ ಕಾರು ನೋಡು, ಎಷ್ಟು ಕೆಂಪಗಿದೆ!" ಇದು ನನ್ನ ಹೆಂಡತಿ ಆಮೇಲೆ ಹೇಳಿದ್ದು. ಅವಳು ಒಲೆ ಮುಂದೆ ಇದ್ದಳು. ಬೇಡ ಅನ್ನೋಕೆ ಹೊರಗೆ ಬರುವಷ್ಟರಲ್ಲಿ ಕಾರು ನೆಲಕ್ಕೆ ಇಳಿದಾಗಿತ್ತು.

ಮಗುವನ್ನು ನಾನು ಬೈಯಲ್ಲ. ಮಗು ಕಾರು ಸಿಕ್ಕಿದರೆ ಏನು ಮಾಡುತ್ತೋ ಅದನ್ನೇ ಮಾಡಿದೆ. ಛಾವಣಿ ಮೇಲೆ ಅಂಗೈ ಊರಿ, ರೊಂಯ್ಯ್ ಅಂತ ಹಾಲ್‌ನಿಂದ ರೂಮಿನವರೆಗೆ ಓಡಿಸಿದೆ. ಗೋಡೆಗೆ ಗುದ್ದಿಸಿದೆ. ಅದರ ತಪ್ಪೇನು? ಕೊಟ್ಟವರಿಗೆ ಬುದ್ಧಿ ಬೇಡವಾ?

ಈಗ ಆ ಕಾರು ಏನು ಅಂತ ಹೇಳ್ತೀನಿ, ಕೇಳಿ.

1932ರ ಫೋರ್ಡ್ ಕೂಪ್, ಅಂದರೆ ಎರಡು ಬಾಗಿಲಿನ ಕಾರು, ಅದರ ಮಾಡೆಲ್. ಹಳೇ ಕಾರನ್ನು ಕತ್ತರಿಸಿ, ಬದಲಿಸಿ, ಜೋರಾಗಿ ಓಡುವ ಹಾಗೆ ಮಾಡಿಕೊಂಡರೆ ಅದಕ್ಕೆ ಹಾಟ್ ರಾಡ್ ಅಂತಾರೆ. ಆ ಪ್ರಪಂಚದಲ್ಲಿ ಇದಕ್ಕೆ 'ಡ್ಯೂಸ್' ಅಂತಲೇ ಹೆಸರು. 1:25 ಅಳತೆಯ, ಅಂದರೆ ನಿಜವಾದ ಕಾರಿನ ಇಪ್ಪತ್ತೈದರಲ್ಲಿ ಒಂದು ಪಾಲಿನ, ರೆವೆಲ್ ಕಂಪನಿಯ ಪ್ಲಾಸ್ಟಿಕ್ ಕಿಟ್. ನಿಜವಾದ ಕಾರಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 106 ಇಂಚು. ಮಾಡೆಲ್‌ನಲ್ಲಿ ಅದು 11 ಸೆಂಟಿಮೀಟರ್‌ಗಿಂತ ಸ್ವಲ್ಪ ಕಡಿಮೆ. ಇಡೀ ಕಾರು ಅಂಗೈ ಮೇಲೆ ಕೂರುತ್ತೆ. ಕಿಟ್ ಡಬ್ಬದಲ್ಲಿ ಬಂದ ಹಾಗೇ ಅಂಟಿಸಿ ಇಡೋದಾದರೆ ಕಷ್ಟ ಏನಿಲ್ಲ. ನಾನು ಹಾಗೆ ಮಾಡಿರಲಿಲ್ಲ.

ಛಾವಣಿ ತಗ್ಗಿಸಿದ್ದೆ. ಹಾಟ್ ರಾಡ್ ಮಾಡುವವರು ಇದಕ್ಕೆ ಚಾಪ್ ಅಂತಾರೆ. ಕಿಟಕಿ ಪಕ್ಕದ ಕಂಬಗಳಲ್ಲಿ ಒಂದೊಂದು ತುಂಡು ಕತ್ತರಿಸಿ ತೆಗೆದು, ಛಾವಣಿಯನ್ನು ಕೆಳಗಿಳಿಸಿ ಮತ್ತೆ ಸೇರಿಸೋದು. ನಿಜವಾದ ಕಾರಿನಲ್ಲಿ 3 ಇಂಚು ತೆಗೆದರೆ, ಈ ಅಳತೆಯಲ್ಲಿ ಅದು ಹೆಚ್ಚುಕಡಿಮೆ 3 ಮಿಲಿಮೀಟರ್. ಪ್ರತಿ ಕಂಬದಲ್ಲೂ ಅಷ್ಟೇ ಹೋಗಬೇಕು. ಒಂದರಲ್ಲಿ ಕೂದಲೆಳೆ ಜಾಸ್ತಿ ಹೋದರೂ ಛಾವಣಿ ಒಂದು ಕಡೆಗೆ ಸೊಟ್ಟ. ಅದೂ ಅಲ್ಲದೆ ಮುಂದಿನ ಗಾಜಿನ ಕಂಬಗಳು ಸ್ವಲ್ಪ ಹಿಂದಕ್ಕೆ ವಾಲಿರುತ್ತವೆ. ಹಾಗಾಗಿ ಛಾವಣಿ ನೇರ ಕೆಳಗಿಳಿದಾಗ ಮೇಲಿನ ತುದಿ, ಕೆಳಗಿನ ತುದಿ ಒಂದಕ್ಕೊಂದು ಕೂರೋದಿಲ್ಲ. ಕಂಬವನ್ನು ಇನ್ನಷ್ಟು ವಾಲಿಸಬೇಕು, ಒಳಗಡೆಯಿಂದ ಪ್ಲಾಸ್ಟಿಕ್ ಪಟ್ಟಿ ಆನಿಸಬೇಕು. ಆಮೇಲೆ ಪುಟ್ಟಿ. ಆಮೇಲೆ 400ರ ವಾಟರ್ ಪೇಪರ್, 600ರದ್ದು, 1000ದ್ದು. ಪ್ರೈಮರ್ ಹೊಡೆದರೆ ಅಲ್ಲಿಯವರೆಗೆ ಕಾಣದ ಗೆರೆ ಕಾಣುತ್ತೆ. ಮತ್ತೆ ಪುಟ್ಟಿ, ಮತ್ತೆ ಉಜ್ಜು. ಛಾವಣಿ ಇಳಿದ ಮೇಲೆ ಕಿಟ್‌ನ ಗಾಜು ಯಾವುದೂ ಕೂರಲ್ಲ. ಸ್ಟೇಷನರಿ ಅಂಗಡಿಯಿಂದ ಪಾರದರ್ಶಕ ಶೀಟ್ ತಂದು ಪ್ರತಿ ಕಿಟಕಿಗೂ ಬೇರೆ ಬೇರೆ ಕತ್ತರಿಸಿದ್ದೆ.

ಎಂಜಿನ್ ಕೂಡ ಕಿಟ್‌ನದ್ದಲ್ಲ. ಬೇರೆ ಕಿಟ್‌ನಿಂದ ತೆಗೆದ ಫ್ಲಾಟ್‌ಹೆಡ್ ವಿ8, ಫೋರ್ಡ್‌ನ ಹಳೇ ಎಂಟು ಸಿಲಿಂಡರ್ ಎಂಜಿನ್. ಎಂಟು ಸ್ಪಾರ್ಕ್ ಪ್ಲಗ್‌ಗೂ ವೈರ್ ಎಳೆದಿದ್ದೆ, ಹಾಳಾದ ಇಯರ್‌ಫೋನಿನ ವೈರ್ ಬಿಡಿಸಿ. ಮೇಲೆ ಸಾಲಾಗಿ ಮೂರು ಸ್ಟ್ರಾಂಬರ್ಗ್ ಕಾರ್ಬುರೇಟರ್. ಬಾನೆಟ್ ಹಾಕಿರಲಿಲ್ಲ, ಎಂಜಿನ್ ಕಾಣಲಿ ಅಂತ. ಮಡ್‌ಗಾರ್ಡ್ ನಾಲ್ಕೂ ತೆಗೆದಿದ್ದೆ. ಮುಂದಿನ ಆಕ್ಸಲ್ ಕೆಳಕ್ಕೆ ಬಾಗಿದ ತರದ್ದು, ಎರಡು ಮಿಲಿಮೀಟರ್ ದಪ್ಪ ಕೂಡ ಇಲ್ಲ. ಅದರ ಮೇಲೆ ಐದು ವರ್ಷದ ಹುಡುಗನ ಅಂಗೈ ಭಾರ.

ಇನ್ನು ಬಣ್ಣ. ಅತ್ತಿಗೆಯವರಿಗೆ ಇಷ್ಟವಾದ ಆ ಕೆಂಪು. ಅದು ಡಬ್ಬಿಯಿಂದ ಸುರಿದ ಕೆಂಪಲ್ಲ. ಕೆಳಗೆ ಬೆಳ್ಳಿ ಬಣ್ಣ, ಅದರ ಮೇಲೆ ಪಾರದರ್ಶಕ ಕೆಂಪು, ತೆಳ್ಳಗೆ ಕೋಟ್ ಮೇಲೆ ಕೋಟ್. ಬೆಳಕು ಕೆಂಪನ್ನು ದಾಟಿ ಬೆಳ್ಳಿಗೆ ಬಡಿದು ವಾಪಸ್ ಬರುತ್ತೆ, ಅದಕ್ಕೇ ಆ ಹೊಳಪು. ಕ್ಯಾಂಡಿ ಅಂತಾರೆ. ಒಂದೊಂದು ಕೋಟ್‌ಗೂ ಬಣ್ಣ ಗಾಢ ಆಗುತ್ತಾ ಹೋಗುತ್ತೆ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವಕ್ಕೆ ಬಿಳಿ ಮಬ್ಬು ಹಿಡಿಯುತ್ತೆ. ಅದಕ್ಕೆ ಮಳೆ ಪೂರ್ತಿ ನಿಲ್ಲೋ ತನಕ ಕೈಕಟ್ಟಿ ಕೂತಿದ್ದೆ.

ಈ ಕೆಂಪಿನ ಮೇಲೆ ಈಗ ಟೈಲ್ಸ್‌ಗೆ ಉಜ್ಜಿದ ಗೀರು. ಬಾಗಿಲಿನಿಂದ ಹಿಂದಿನವರೆಗೆ, ಬೆಳ್ಳಿ ಕಾಣುವ ಹಾಗೆ. "ಸ್ವಲ್ಪ ಟಚಪ್ ಮಾಡಿದ್ರೆ ಆಯ್ತಲ್ವಾ?" ಅಂದರು ಷಡ್ಡಕರು. ಆಗಲ್ಲ ಸ್ವಾಮಿ. ಗೀರಿನ ಮೇಲಷ್ಟೇ ಹೊಡೆದರೆ ಪಕ್ಕದ ಜಾಗಕ್ಕೂ ಒಂದು ಕೋಟ್ ಜಾಸ್ತಿ ಬಿದ್ದು, ಅಲ್ಲಿ ಕಪ್ಪು ಕೆಂಪಿನ ತೇಪೆ ಕಾಣುತ್ತೆ. ಕ್ಯಾಂಡಿ ಬಣ್ಣ ಕೆಟ್ಟರೆ ಪೂರ್ತಿ ತೆಗೆದು ಮೊದಲಿನಿಂದ ಹೊಡೆಯಬೇಕು. ಬೇರೆ ದಾರಿ ಇಲ್ಲ.

ಇಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ನಿರುತ್ತಿದ್ದೆ. ಇದನ್ನು ಬರೆಯುತ್ತಲೂ ಇರಲಿಲ್ಲ.

ನಾನು ಮೊಸರು ತೆಗೆದುಕೊಂಡು ವಾಪಸ್ ಬಂದಾಗ ಷಡ್ಡಕರು ಡೈನಿಂಗ್ ಟೇಬಲ್ ಮುಂದೆ ಕೂತು ಕಾರನ್ನು ರಿಪೇರಿ ಮಾಡುತ್ತಿದ್ದರು. ಕೈಯಲ್ಲಿ ಫೆವಿಕ್ವಿಕ್. ನಮ್ಮ ಮನೆ ಡ್ರಾದಿಂದಲೇ ಹುಡುಕಿ ತೆಗೆದದ್ದು. "ಏನಿಲ್ಲ ಬಿಡ್ರಿ, ಟಾಪ್ ಸ್ವಲ್ಪ ಬಿಟ್ಕೊಂಡಿತ್ತು, ಹಾಕಿ ಒತ್ತಿದೀನಿ." ಬಿಟ್ಟುಕೊಂಡದ್ದು ನಾನು ಕತ್ತರಿಸಿ ಸೇರಿಸಿದ್ದ ಕಂಬ. ಅವರು ಸೇರಿಸಿದ್ದು ಸೊಟ್ಟ. ಅಂಟು ಛಾವಣಿ ಮೇಲೆ ಹರಿದಿತ್ತು, ಅದರ ಮೇಲೆ ಹೆಬ್ಬೆರಳು ಊರಿದ್ದರು.

ಮಾಡೆಲ್ ಮಾಡುವವರು ಗಾಜಿನ ಹತ್ತಿರ ಈ ತರದ ಅಂಟು ತರೋದೇ ಇಲ್ಲ. ಪ್ಲಾಸ್ಟಿಕ್ ಕಿಟ್‌ಗೆ ಬಳಸುವ ಸಿಮೆಂಟ್ ಬೇರೆ. ಅದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಒಂದಕ್ಕೊಂದು ಬೆಸೆಯುತ್ತೆ. ಫೆವಿಕ್ವಿಕ್ ತರದ್ದು ಒಣಗುವಾಗ ಆವಿ ಬಿಡುತ್ತೆ, ಆ ಆವಿ ಸುತ್ತ ಇರುವ ನುಣುಪಿನ ಮೇಲೆ ಬೆಳ್ಳಗೆ ಕೂರುತ್ತೆ. ಬೆರಳಿನ ಎಣ್ಣೆ ಜಿಡ್ಡು ಇದ್ದ ಕಡೆ ಇನ್ನೂ ಚೆನ್ನಾಗಿ ಕೂರುತ್ತೆ. ಬೆರಳಚ್ಚು ಎತ್ತೋಕೆ ಪೊಲೀಸರು ಬಳಸೋದು ಇದೇ ಆವಿಯನ್ನು. ಮರುದಿನ ಬೆಳಗ್ಗೆ ನೋಡಿದರೆ ಕಿಟಕಿ ಗಾಜೆಲ್ಲ ಬೆಳ್ಳಗೆ. ಹಿಂದಿನ ಗಾಜಿನ ಮೇಲೆ ಷಡ್ಡಕರ ಬೆರಳಿನ ಗುರುತು ಗೆರೆ ಗೆರೆಯಾಗಿ ಮೂಡಿದೆ. ಕೋರ್ಟಿಗೆ ಹೋದರೆ ಸಾಕ್ಷಿ ಬೇರೆ ಬೇಡ.

ಆಮೇಲೆ ಬಂತು ನೋಡಿ ಆ ಮಾತು. "ಎಷ್ಟಾಗುತ್ತೆ ಹೇಳ್ರಿ, ಈಗಲೇ ಫೋನ್‌ಪೇ ಮಾಡ್ತೀನಿ. ಹೊಸದು ತಗೊಂಡ್ಬಿಡಿ." ಮದುವೆ ಮನೆ ರಂಗೋಲಿ ಮೇಲೆ ಸ್ಕೂಟರ್ ಓಡಿಸಿ, ರಂಗೋಲಿ ಪುಡಿಗೆ ಎಷ್ಟಾಯ್ತು ಅಂತ ಕೇಳಿದ ಹಾಗೆ.

ಹೊಸದು ಎಲ್ಲಿದೆ ರೀ? ಅದೇ ತರದ್ದು ಇನ್ನೊಂದು ಇಲ್ಲ. ಇರೋಕೆ ಸಾಧ್ಯವೂ ಇಲ್ಲ. ಹಾಟ್ ರಾಡ್ ಅಂದರೇನೇ ಅದು. 1932ರಲ್ಲಿ ಹೆನ್ರಿ ಫೋರ್ಡ್ ಸಾಮಾನ್ಯರು ಕೊಳ್ಳುವ ಬೆಲೆಯ ಕಾರಿಗೆ ವಿ8 ಎಂಜಿನ್ ಹಾಕಿದ. 221 ಘನ ಇಂಚು, 65 ಕುದುರೆಶಕ್ತಿ. ಕೆಲವು ವರ್ಷಕ್ಕೆ ಅವೇ ಕಾರುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗತೊಡಗಿದವು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಕೊಂಡು, ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಮ್ಯುರಾಕ್, ಎಲ್ ಮಿರಾಜ್ ಅನ್ನುವ ಒಣ ಕೆರೆಗಳ ಮೇಲೆ ಓಡಿಸಿದರು. 1937ರಲ್ಲಿ ಅವರ ಕೆಲವು ಕ್ಲಬ್ಬುಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಈ ಹುಚ್ಚನ್ನು ಇನ್ನೂ ಬೆಳೆಸಿದರು. ಆದರೆ ಫ್ಯಾಕ್ಟರಿಯಿಂದ ಹಾಟ್ ರಾಡ್ ಯಾವತ್ತೂ ಬರಲಿಲ್ಲ. ಫ್ಯಾಕ್ಟರಿ ಕೊಟ್ಟಿದ್ದನ್ನು ಅವರವರು ಅವರವರ ಶೆಡ್‌ನಲ್ಲಿ ಕತ್ತರಿಸಿ ಕೊರೆದು ತಮ್ಮದು ಮಾಡಿಕೊಂಡರು. ಒಬ್ಬನದು ಇದ್ದ ಹಾಗೆ ಇನ್ನೊಬ್ಬನದು ಇಲ್ಲ. ನನ್ನದೂ ಹಾಗೇ. ಕಿಟ್ ಅಂಗಡಿಯಲ್ಲಿ ಸಿಗಬಹುದು, ಈ ಕಾರು ಸಿಗಲ್ಲ.

ಅಷ್ಟಕ್ಕೂ ಕಿಟ್ ಆದರೂ ಸುಲಭಕ್ಕೆ ಸಿಗುತ್ತಾ? ಕಸ್ಟಮ್ಸ್ ಪಟ್ಟಿಯಲ್ಲಿ 9503 ಅಂತ ಒಂದು ಸಾಲಿದೆ. ಗೊಂಬೆ, ಮೂರು ಚಕ್ರದ ಸೈಕಲ್, ಪಜಲ್, ಸ್ಕೇಲ್ ಮಾಡೆಲ್, ಎಲ್ಲವೂ ಅದೇ ಸಾಲಿನಲ್ಲಿ. ಆಟಿಕೆ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು. 2023ರಲ್ಲಿ ಶೇ 70. ಅದರ ಮೇಲೆ ಬೇರೆ ತೆರಿಗೆ. ದೇಶದ ಆಟಿಕೆ ಮಾಡುವವರನ್ನು ಉಳಿಸೋಕೆ ಅಂತಾರೆ, ಇರಲಿ, ಒಪ್ಪೋಣ. ಆದರೆ ನಾನು ಗರಗಸ ಹಿಡಿದು ಕತ್ತರಿಸುವ ಡ್ಯೂಸ್ ಕೂಪ್ ತಂದರೆ ಚನ್ನಪಟ್ಟಣದವರ ಯಾವ ಗಿರಾಕಿ ತಪ್ಪಿಹೋಗ್ತಾನೆ? ಅಂಗಡಿಯವರು ಆ ಸುಂಕ ಕಟ್ಟಿ ತರಿಸಿ, ತಮ್ಮ ಲಾಭ ಸೇರಿಸಿ ಹೇಳುವ ಬೆಲೆ ಕೇಳಿದರೆ ಕಿಟ್ ಆಸೆ ಅಲ್ಲೇ ಬತ್ತಿಹೋಗುತ್ತೆ. ನನ್ನದು ಬಂದದ್ದು ಅಮೆರಿಕದ ಸ್ಯಾನ್ ಹೊಸೆಯಲ್ಲಿರುವ ಗೆಳೆಯನ ಸೂಟ್‌ಕೇಸಿನಲ್ಲಿ. ಅವನಿಗೆ ಇಲ್ಲಿಂದ ಹೋಗಿದ್ದು ಮಾವಿನ ಮಿಡಿ ಉಪ್ಪಿನಕಾಯಿ. ಅವನು ವರ್ಷಕ್ಕೊಮ್ಮೆ ಬರೋದೇ ಹೆಚ್ಚು. ಬಣ್ಣ ಅವನ ಹತ್ತಿರವೂ ತರಿಸೋಕಾಗಲ್ಲ. ಬೆಂಕಿ ಹತ್ತುವ ಸ್ಪ್ರೇ ಕ್ಯಾನನ್ನು ವಿಮಾನದಲ್ಲಿ ಬಿಡಲ್ಲ. ಅದು ಸರಿಯೇ. ಇದನ್ನೆಲ್ಲ ಫೋನ್‌ಪೇ ಮಾಡೋಕೆ ಆಗುತ್ತಾ?

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಇದೇ ಷಡ್ಡಕರ ಮನೆಯಲ್ಲಿ ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಕವರ್ ಇದೆ. ಸೋಫಾ ಮೇಲೆ ಕಾಲಿಟ್ಟು ಕೂರುವ ಹಾಗಿಲ್ಲ. ಅವರ ಕಾರಿನ ಬಂಪರ್‌ಗೆ ಪಾರ್ಕಿಂಗ್‌ನಲ್ಲಿ ಯಾರೋ ಗೀಚಿದ್ದಕ್ಕೆ ಅಪಾರ್ಟ್‌ಮೆಂಟಿನ ಸಿಸಿಟಿವಿ ಪೂರ್ತಿ ತೆಗೆಸಿ ನೋಡಿದ ಮನುಷ್ಯ. ಒಂದು ಗೀರಿಗೆ ಮೂರು ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ. ಅವರ ಕಾರಿಗೆ ಬಿದ್ದರೆ ಗೀರು, ನನ್ನ ಕಾರಿಗೆ ಬಿದ್ದರೆ ಟಚಪ್.

ಮನೆಯವರಾದರೂ ನನ್ನ ಪರ ಇದ್ದಾರಾ? ಹೆಂಡತಿ ಕಣ್ಣಲ್ಲೇ ಸುಮ್ನಿರಿ ಅಂದಳು. ಅವಳ ಕಡೆ ನೆಂಟರು, ಪಾಪ, ಅವಳಿಗೂ ಬೇಜಾರಾಗಿದೆ, ಗೊತ್ತಾಗುತ್ತೆ. ಅಮ್ಮ ಮಾತ್ರ, "ಹೋಗ್ಲಿ ಬಿಡೋ, ನಿನಗೆ ಬರೋ ಗಂಡಾಂತರ ಅದರ ಮೇಲೆ ಹೋಯ್ತು ಅಂದ್ಕೋ" ಅಂದರು. ಅಮ್ಮನಿಗೆ ಎದುರು ಹೇಳೋಕಾಗುತ್ತಾ? ಅತ್ತಿಗೆ ಹೋಗುವಾಗ ಬಾಗಿಲಲ್ಲಿ ನಿಂತು ಕುಂಕುಮ ಇಟ್ಟುಕೊಳ್ಳುತ್ತಾ ನನ್ನ ಹೆಂಡತಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಇಷ್ಟು ವಯಸ್ಸಾದ್ರೂ ನಿಮ್ಮನೆಯವರಿಗೆ ಆಟದ ಸಾಮಾನಿನ ಹುಚ್ಚು ಹೋಗಿಲ್ಲ ನೋಡೇ."

ಆಟದ ಸಾಮಾನು ಬೇಕಿತ್ತಾ ಅಕ್ಕಾ? ಅಲ್ಲೇ ಕೆಳಗಿನ ಖಾನೆಯಲ್ಲಿತ್ತು. ಚನ್ನಪಟ್ಟಣದ ಮರದ ರೈಲು. ಹಾಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಾಕಿ, ಮಗು ಎಳೆದಾಡಲಿ, ಕಚ್ಚಲಿ ಅಂತಲೇ ಮಾಡಿದ್ದು. ನನ್ನ ಮಗಳು ಅದನ್ನು ವರ್ಷಗಟ್ಟಲೆ ನೆಲಕ್ಕೆ ಕುಟ್ಟಿದ್ದಾಳೆ, ಒಂದು ಚಕ್ರ ಅಲ್ಲಾಡಿಲ್ಲ. ಅದನ್ನು ಕೊಡಬಹುದಿತ್ತಲ್ವಾ? ಅದಕ್ಕೆ ಬೀಗ ಕೂಡ ಇರಲಿಲ್ಲ.

ಈಗ ಕಾರು ತುಂಡು ತುಂಡಾಗಿ ಊಟದ ಡಬ್ಬಿಯಲ್ಲಿದೆ. ಛಾವಣಿಯನ್ನು ಮತ್ತೆ ಬಿಡಿಸಬೇಕು, ಒಣಗಿದ ಅಂಟು ಕೆರೆದು ತೆಗೆಯಬೇಕು. ಬಣ್ಣ ಪೂರ್ತಿ ಇಳಿಸಬೇಕು. ಗಾಜು ಹೊಸದಾಗಿ ಕತ್ತರಿಸಬೇಕು. ಆಕ್ಸಲ್‌ಗೆ ಒಳಗೆ ತಂತಿ ತೂರಿಸಿ ಸೇರಿಸಿದರೆ ನಿಲ್ಲುತ್ತೆ. ಗ್ರಿಲ್ ಮಾತ್ರ ಸಿಕ್ಕಿಲ್ಲ. ಡ್ಯೂಸ್‌ಗೆ ಮುಖ ಅಂದರೆ ಆ ಗ್ರಿಲ್, ಅದಿಲ್ಲದೆ ಏನು ಮಾಡಿದರೂ ದಂಡ. ಸೋಫಾ ಎತ್ತಿ ನೋಡಿದ್ದೇವೆ, ಕಸದ ಬುಟ್ಟಿ ನೋಡಿದ್ದೇವೆ. ಹುಡುಗನ ಜೇಬಲ್ಲಿ ಹೋಗಿರಬಹುದಾ ಅಂತ ಕೇಳೋಕೆ ಹೆಂಡತಿ ಬಿಡುತ್ತಿಲ್ಲ.

ಯಾರ ಹತ್ತಿರವಾದರೂ 1:25 ಅಳತೆಯ 1932 ಫೋರ್ಡ್ ಗ್ರಿಲ್ ಉಳಿದಿದ್ದರೆ ದಯವಿಟ್ಟು ಹೇಳಿ. ಕ್ರೋಮ್ ಹೋಗಿದ್ದರೂ ಪರವಾಗಿಲ್ಲ, ನಾನು ಮಾಡಿಕೊಳ್ತೀನಿ. ದುಡ್ಡು ಕೊಡ್ತೀನಿ, ಇಲ್ಲ ಉಪ್ಪಿನಕಾಯಿ ಕೊಡ್ತೀನಿ. ನೀವೇ ಮನೆಗೆ ತಂದುಕೊಡುವುದಾದರೆ ಇನ್ನೂ ಸಂತೋಷ, ಕಾಫಿ ಕುಡಿದು ಹೋಗಬಹುದು. ಮಕ್ಕಳನ್ನೂ ಕರೆದುಕೊಂಡು ಬನ್ನಿ, ರೈಲು ಇದೆ. ಷಡ್ಡಕರನ್ನು ಮಾತ್ರ ಕರೆದುಕೊಂಡು ಬರಬೇಡಿ.